ಎಡಕ್ಕೆ ಸುತ್ತುವ ಮೀನುಗಳು

ಮೊದಲು ನೆನಪಾಗುವುದು ಸದ್ದು. ದೀಪಾವಳಿ ಕಳೆದ ಮರುವಾರ, ಹೊಗೆ ಬೆರೆತ ಮಂಜಿನಲ್ಲಿ ಸಿಮೆಂಟ್ ತೊಟ್ಟಿಯ ನೀರು ಕಾಣುತ್ತಿರಲಿಲ್ಲ. ನೂರಾರು ಬಾಯಿಗಳು ನೀರಿನ ಮೇಲೆ ತೆರೆದು ಮುಚ್ಚುವ ಚಪ್ ಚಪ್ ಮಾತ್ರ ಕೇಳುತ್ತಿತ್ತು. ಅಪ್ಪ ಸೀಟಿ ಊದಿರಲಿಲ್ಲ. ಇದು ನಡೆದದ್ದು ಕೊನೆಯಲ್ಲಿ. ಆದರೂ ಯಾವಾಗ ನೆನೆದರೂ ಇದೇ ಮುಂದೆ ಬಂದು ನಿಲ್ಲುತ್ತದೆ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ಅಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ನಾವು ಸೋಮವಾರಪೇಟೆ ಕಡೆಯವರು. ನಿವೃತ್ತಿಯ ನಂತರ ಗುರ್ಗಾಂವ್‌ನ ಗಾಜಿನ ಕಟ್ಟಡವೊಂದರ ಗೇಟಿನಲ್ಲಿ ಎರಡು ವರ್ಷ ಕಾವಲು ನಿಂತರು. ಕಾರಿನಲ್ಲಿ ಬರುವ, ನನ್ನ ವಯಸ್ಸಿನವರಿಗೆ ಸಲಾಮು ಹೊಡೆಯುವ ಕೆಲಸ. ಅದನ್ನು ಬಿಟ್ಟು, ಊರಾಚೆಯ ಹಳ್ಳಿಯಲ್ಲಿ ಒಬ್ಬ ಮುದುಕರ ಜಾಗದಲ್ಲಿದ್ದ ಹಳೆಯ ತೊಟ್ಟಿಯಲ್ಲಿ ರೋಹು ಮೀನಿನ ಮರಿಗಳನ್ನು ಬಿಟ್ಟರು. ಪಕ್ಕದ ಎರಡು ಕೋಣೆಗಳಲ್ಲಿ ಅಪ್ಪ ಅಮ್ಮನ ವಾಸ. ನಾನು ಓದುತ್ತಿದ್ದೆ, ದೆಹಲಿಯ ಮುನಿರ್ಕಾದ ಬಾಡಿಗೆ ಕೋಣೆಯಿಂದ ಶನಿವಾರ ಶನಿವಾರ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

"ತೊಟ್ಟಿ ಹೋದ್ರೆ ಮತ್ತೆ ಆ ಗೇಟು," ಎಂದು ಅಪ್ಪ ಒಮ್ಮೆ ಹೇಳಿದ್ದರು. ಎರಡನೇ ಸಲ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೋರ್‌ವೆಲ್‌ನ ತಿಳಿನೀರು. ಅದರಲ್ಲಿ ಪಾಚಿಯಿಲ್ಲ, ಹುಳುವಿಲ್ಲ, ನಾವು ಕೊಟ್ಟದ್ದನ್ನು ಬಿಟ್ಟರೆ ಮೀನಿಗೆ ತಿನ್ನಲು ಬೇರೇನೂ ಇಲ್ಲ. ಅಕ್ಕಿ ತೌಡು, ಸಾಸಿವೆ ಹಿಂಡಿ, ಖನಿಜದ ಪುಡಿ, ಜೊತೆಗೆ ಬಿಳಿ ಪೊಟ್ಟಣದಲ್ಲಿ ಬರುವ ವಿಟಮಿನ್ ಸಿ. ಆ ಕೊನೆಯದನ್ನು ಅಪ್ಪ ಚಮಚದಲ್ಲಿ ತುಂಬಿ, ಸ್ಕೇಲಿನ ಅಂಚಿನಿಂದ ಸವರಿ ಅಳೆಯುತ್ತಿದ್ದರು. ಕಲಸಿದ ಹಿಟ್ಟು ಮಾತ್ರ ನೀರಿಗೆ ಬಿದ್ದ ಕೂಡಲೇ ಕರಗಿ ತಳ ಸೇರುತ್ತಿತ್ತು. ಆಗ ಅಮ್ಮ, ನಮ್ಮ ಊರಿನಲ್ಲಿ ಹಂದಿ ಸಾರಿನ ಜೊತೆ ತಿನ್ನುವ ಕಡಂಬುಟ್ಟು ಮಾಡುವಂತೆ, ಹಿಟ್ಟನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರು. ಉಂಡೆಗಳು ಗಟ್ಟಿಯಾಗಿ ನಿಂತವು.

"ನಿಮ್ಮ ಮೀನಿಗೆ ಪಂದಿಕರಿಯೂ ಮಾಡಿಕೊಡ್ಲಾ?" ಎಂದರು ಅಮ್ಮ.

"ಬರೀ ಉಂಡೆ ಸಾಕು. ಕರಿ ನನಗಿರಲಿ."

ಬೆಳಿಗ್ಗೆ ಏಳಕ್ಕೆ ಅಪ್ಪ ಕವಾಯತಿನ ಸೀಟಿ ಊದುತ್ತಿದ್ದರು. ವಾರದೊಳಗೆ ಮೀನುಗಳು ಸೀಟಿಗೆ ಬರುವುದನ್ನು ಕಲಿತವು.

ಪೊಟ್ಟಣದ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿ ಹೇಳಿದ್ದು ನಾನು. "ಓದೇ ಪುಟ್ಟಿ, ಮತ್ಯಾತಕ್ಕೆ ನಿನ್ನ ಕಾಲೇಜು," ಎಂದಿದ್ದರು ಅಮ್ಮ. ಅಷ್ಟು ಖಚಿತ. ಆಮೇಲಿನದಕ್ಕೆ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಕೊನೆಯ ಸಾಲಿನವರೆಗೂ ಓದುತ್ತೇನೆ, ಅಮ್ಮ ತಲೆಯಾಡಿಸುತ್ತಾರೆ. ಇನ್ನೊಂದರಲ್ಲಿ ಬಸ್ಸಿಗೆ ತಡವಾಗುತ್ತದೆಂದು ಅಳತೆಯಷ್ಟನ್ನೇ ಹೇಳಿ ಚಪ್ಪಲಿ ಮೆಟ್ಟುತ್ತೇನೆ. ಎರಡರಲ್ಲೂ ಅಮ್ಮನ ಕೈಗೆ ತೌಡು ಮೆತ್ತಿದೆ.

ನವರಾತ್ರಿಯ ಹೊತ್ತಿಗೆ ಮೀನುಗಳು ಬಾಗಿದವು. ಒಂದೆರಡಲ್ಲ, ಹೆಚ್ಚುಕಡಿಮೆ ಎಲ್ಲವೂ. ಬೆನ್ನು ಕುಡುಗೋಲಿನಂತೆ ಡೊಂಕಾಗಿ, ನೇರ ಈಜಲಾರದೆ, ಸೀಟಿ ಊದಿದಾಗ ಎಡಕ್ಕೆ ಸುತ್ತುತ್ತ ಸುತ್ತುತ್ತ ಮೇಲೆ ಬರುತ್ತಿದ್ದವು. ಇಡೀ ತೊಟ್ಟಿ ನಿಧಾನವಾಗಿ ತಿರುಗುತ್ತಿರುವಂತೆ ಕಾಣುತ್ತಿತ್ತು. ಅಮ್ಮನ ಬೆನ್ನೂ ಆ ವರ್ಷ ಬಾಗಿತು ಎಂದು ಬರೆಯಲು ಕೈ ತುಡಿಯುತ್ತದೆ. ಬಾಗಿರಲಿಲ್ಲ.

ಜಾಗದ ಮುದುಕರನ್ನು ಹಳ್ಳಿಯವರಂತೆ ನಾವೂ ತಾಊ, ಅಂದರೆ ದೊಡ್ಡಪ್ಪ, ಎಂದೇ ಕರೆಯುತ್ತಿದ್ದೆವು. ಅವರು ಹುಕ್ಕಾ ಬಿಟ್ಟು ಎದ್ದು ಬಂದು ತೊಟ್ಟಿಯೊಳಗೆ ಇಣುಕಿದರು.

"ಫೌಜಿ, ನಿನ್ನ ಮೀನು ಯಾರಿಗೆ ಸಲಾಮು ಹೊಡೀತಿವೆ?"

ಅಪ್ಪ ಕೊರಳಿನ ಸೀಟಿಯನ್ನು ಅಂಗಿಯೊಳಗೆ ಸೇರಿಸಿದರು.

"ಹೆಂಗಸರು ಈ ದಾರೀಲಿ ಬರೋದು ಬಿಟ್ಟಿದ್ದಾರೆ. ಈ ನೀರಿಗೆ ಏನೋ ತಗುಲಿದೆ. ದೀಪಾವಳಿ ಆದ ಮೇಲೆ ಬಂದು ನೋಡ್ತೀನಿ. ಒಂದು ಡೊಂಕು ಮೀನು ಕಂಡರೂ ಮಣ್ಣು ಹಾಕಿಸ್ತೀನಿ. ಅಚ್ಛಾ?"

ಅಪ್ಪ ಎರಡು ಮೀನುಗಳನ್ನು ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಮೀನುಗಾರಿಕೆ ಕಚೇರಿಗೆ ಹೊರಟರು. ಜೊತೆಗೆ ನಾನೂ ಹೋದೆ. ಅಲ್ಲಿನ ಅಧಿಕಾರಿ, ಕನ್ನಡಕ ಹಾಕಿದ ಹೆಂಗಸು, ಮೀನಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ವಿಟಮಿನ್ ಸಿ ಕೊಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು. ದಿನವೂ, ಅಳೆದು, ಎಂದರು ಅಪ್ಪ. ಹೇಗೆ? ಹಿಟ್ಟಿನಲ್ಲಿ ಕಲಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ.

ಅವರು ಮೀನನ್ನು ಡಬ್ಬಿಗೆ ವಾಪಸ್ ಹಾಕಿದರು. "ಬೇಯಿಸಿದರೆ ಆ ವಿಟಮಿನ್ ಉಳಿಯುವುದಿಲ್ಲ, ಅದಿಲ್ಲದೆ ಬೆನ್ನು ಬಾಗುತ್ತದೆ. ಬೆಂದ ಹಿಟ್ಟು ತಣ್ಣಗಾದ ಮೇಲೆ ಸೇರಿಸಬೇಕು. ಪೊಟ್ಟಣದ ಮೇಲೇ ಬರೆದಿರುತ್ತದಲ್ಲ?"

ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎರಡು ನೆನಪುಗಳಲ್ಲಿ ಒಂದು ಉಳಿಯುತ್ತಿತ್ತೇನೋ.

ಒಮ್ಮೆ ಬಾಗಿದ ಬೆನ್ನು ನೇರವಾಗುವುದಿಲ್ಲ ಎಂದೂ ಆಕೆ ಹೇಳಿದ್ದರು. ತೊಟ್ಟಿ ಉಳಿಯಬೇಕಾದರೆ ಆ ಮೀನುಗಳು ಇರುವಂತಿರಲಿಲ್ಲ. ಮುಂದಿನ ಶನಿವಾರ ಅಪ್ಪ ಬಲೆ ಹಿಡಿದು ನಿಂತರು. ಕೊರಳಿನ ಸೀಟಿಯನ್ನು ಬಾಯಿಯವರೆಗೆ ತಂದು ಕೆಳಗಿಳಿಸಿದರು.

"ನನ್ನಿಂದಾಗಲ್ಲ. ನೀನು ಊದು, ಪುಟ್ಟಿ."

ಊದಿದೆ. ಎಲ್ಲವೂ ಬಂದವು. ಎಡಕ್ಕೆ ಸುತ್ತುತ್ತ, ಬಾಯಿ ತೆರೆದು, ಬಲೆಯೊಳಗೇ ಬಂದವು. ಮೂರು ಸಲ ಊದಬೇಕಾಯಿತು. ಮೂರನೆಯ ಸಲಕ್ಕೂ ಅವು ನಂಬಿದವು. ಹಿತ್ತಿಲಿನ ಹೊಂಡದಲ್ಲಿ ಹೂತು ಮಣ್ಣು ಮುಚ್ಚುವಾಗ ಅಮ್ಮ, "ನಾನು ಬೇಯಿಸಿದ್ದು," ಎಂದರು. ಓದಿ ಹೇಳಿದ್ದು ನಾನು ಎಂದು ನಾನು ಹೇಳಲಿಲ್ಲ.

ತೊಟ್ಟಿ ಬತ್ತಿಸಿ, ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟು, ಹೊಸ ನೀರು ತುಂಬಿ, ಬೇರೆ ಕಡೆಯಿಂದ ಹೊಸ ಮರಿಗಳನ್ನು ತಂದು ಬಿಟ್ಟರು. ಸೀಟಿ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಹೊಸ ಮೀನುಗಳು ಅದನ್ನು ಒಮ್ಮೆಯೂ ಕೇಳಿಲ್ಲ. ಮೇವು ಹಾಕುವ ಹೊತ್ತನ್ನೂ ಅಪ್ಪ ಸಂಜೆಗೆ ಬದಲಿಸಿದ್ದರು.

ದೀಪಾವಳಿಯ ಮರುವಾರ ತಾಊ ಬೆಳಿಗ್ಗೆಯೇ ಬಂದರು. ಏಳು ಗಂಟೆ. ಮಂಜು ತೊಟ್ಟಿಯ ಅಂಚಿನವರೆಗೂ ಇಳಿದಿತ್ತು. ನಾವು ನಾಲ್ವರೂ ನಿಂತಿದ್ದೆವು, ಸೀಟಿ ಮೊಳೆಯಲ್ಲೇ ಇತ್ತು. ಆಗ ನೀರಿನ ಮೇಲೆ ಚಪ್ ಚಪ್ ಶುರುವಾಯಿತು.

ತಾಊ ಬಗ್ಗಿ, ಕೈಬೀಸಿ ಮಂಜು ಸರಿಸಿ, ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಬೆನ್ನುಗಳು ನೇರವಾಗಿದ್ದವು. ನೇರ ಬೆನ್ನಿನ ಆ ಮರಿಗಳು ಎಡಕ್ಕೆ ಸುತ್ತುತ್ತಿದ್ದವು. ನೀರು ಬಿಡುವ ಪೈಪಿನ ಸೆಳೆತಕ್ಕೆ ಹಾಗಾಗುತ್ತದೆ ಎಂದು ಅಪ್ಪ ಈಗಲೂ ಹೇಳುತ್ತಾರೆ. ಪೈಪು ಆ ಬೆಳಿಗ್ಗೆ ನಿಂತಿತ್ತು ಎಂದು ನನ್ನ ನೆನಪು. ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತಿದೆ.

"ಎಲ್ಲಾ ಸೀಧಾ ಇವೆ, ಫೌಜಿ," ಎಂದರು ತಾಊ. "ಇಟ್ಟುಕೋ ನಿನ್ನ ತೊಟ್ಟಿ. ಆದರೆ ಇವಕ್ಕೆ ಈ ಹೊತ್ತು ಕಲಿಸಿದ್ದು ಯಾರು?"

"ಹಸಿವು, ತಾಊ," ಎಂದರು ಅಪ್ಪ.

ಅವರು ಮಂಜಿನಲ್ಲಿ ಮರೆಯಾಗುವವರೆಗೂ ಅಪ್ಪ ಕಾದರು. ಆಮೇಲೆ ಮನೆಯ ಕಡೆ ತಿರುಗಿ, ಸಂಜೆಯವರೆಗೆ ತಡೆಯುವುದು ಬೇಡ, ಈಗಲೇ ಕೊಟ್ಟುಬಿಡೋಣ ಎಂದರು. ಅಮ್ಮ ನಸುಕಿಗೇ ಬೇಯಿಸಿಟ್ಟಿದ್ದ ಹಿಟ್ಟನ್ನು ತಂದರು. ಬಿಳಿ ಪೊಟ್ಟಣ ಬಿಚ್ಚುವ ಮುನ್ನ ಅಪ್ಪ ಅದರ ಮೇಲೆ ಅಂಗೈಯಿಟ್ಟು ನೋಡಿದರು.

"ತಣ್ಣಗಾಗಿದೆಯಾ?"

"ಆಗಲೇ ಆಗಿದೆ," ಎಂದರು ಅಮ್ಮ. ಅಪ್ಪ ಕೈ ತೆಗೆಯದೆ, ನನ್ನ ಕೈಯನ್ನೂ ಎಳೆದು ಅದರ ಮೇಲೆ ಇಟ್ಟರು.