ಏಡಿ ನೀರಿನದೋ ನೆಲದ್ದೋ

ಎಳ್ಳಮವಾಸ್ಯೆಗೆ ತಂಗಡಗಿಯ ನಮ್ಮ ಹೊಲಕ್ಕೆ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೋಗಿದ್ದೆವು. ಕಡುಬು, ಸಜ್ಜೆ ರೊಟ್ಟಿಯ ತುಣುಕುಗಳನ್ನು ಬೆಳೆಯ ಮೇಲೆ ಎರಚುತ್ತ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಮುಂದೆ ನಡೆದರೆ, ನನ್ನ ಪುಟ್ಟ ಮಗಳು ಅವರ ಸೆರಗು ಹಿಡಿದು ಹಿಂದೆ.

“ದೊಡ್ಡವ್ವಾ, ಇದನ್ನ ಯಾರು ತಿಂತಾರ?”

“ಇರುವಿ ತಿಂತಾವ, ಗುಬ್ಬಿ ತಿಂತಾವ. ಉಳದಿದ್ದು ಭೂಮಿತಾಯಿ ತಿಂತಾಳ. ಭಾಳ ಮಾತಾಡಿದ್ರ ನಿನ್ನೂ ತಿಂತಾಳ.”

ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಹೊಟ್ಟೆಯಲ್ಲಿ ಕಿಚ್ಚು. ಯಾವ ಜೀವಿ ಏನು ತಿನ್ನುತ್ತದೆಂದು ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಕಲಿಸಿದ ಹಾಗೆಯೇ, ಬಾಣದ ಗುರುತು ಹಾಕಿ. ಮಗಳು ಅದನ್ನು ಗಿಳಿಯಂತೆ ಒಪ್ಪಿಸುತ್ತಾಳೆ. ನನಗೆ ಉತ್ತರ ಹೇಳುತ್ತಾಳೆ, ಪ್ರಶ್ನೆಗಳನ್ನೆಲ್ಲ ದೊಡ್ಡವ್ವನಿಗೆ ಕೇಳುತ್ತಾಳೆ.

ಊಟವಾದ ಮೇಲೆ ಕೃಷ್ಣೆಯ ದಂಡೆಗೆ ಇಳಿದೆವು. ಕೆಸರಿನ ತೂತಿನಿಂದ ಏಡಿಯೊಂದು ಇಣುಕಿತು.

“ದೊಡ್ಡವ್ವಾ, ಇದು ನೀರಾಗಿಂದೋ, ನೆಲದ ಮ್ಯಾಲಿಂದೋ?”

ನೆಗೆಣ್ಣಿ ಬುತ್ತಿಯ ಪಾತ್ರೆ ತೊಳೆಯುತ್ತಿದ್ದರು. “ನಿಮ್ಮವ್ವನ್ನ ಕೇಳು. ಇಂಗ್ಲಿಷ್ ಸಾಲ್ಯಾಗ ಓದ್ಯಾಳ.”

ಮಗಳು ನನ್ನತ್ತ ತಿರುಗಿದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ತಲೆಯಾಡಿಸಿ ಮತ್ತೆ ಅತ್ತಲೇ ಓಡುತ್ತಾಳೆ.

“ನನಗೂ ಗೊತ್ತಿಲ್ಲವಾ. ಎಲ್ಲಿ ಹೋಗತೈತಿ ನೋಡೂಣು ಬಾ,” ಎಂದು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ.

ಏಡಿ ನೀರಿಗೆ ಇಳಿಯಿತು, ಮತ್ತೆ ದಂಡೆಗೆ ಬಂತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. “ಮನಿಗಿ ಹೋಗೂಣು, ಬಾರವಾ,” ಎಂದು ದೊಡ್ಡವ್ವ ಕರೆದರೂ ಮಗಳು ನನ್ನ ಮೊಣಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.