ಬೈಲಪ್ಪ ತೊಳೆದ ಕೆರೆ

ನಮ್ಮೂರ ನೀರುಗಂಟಿ ಬೈಲಪ್ಪನಷ್ಟು ನಿಯತ್ತಿನ ಮನುಷ್ಯನನ್ನು ನಾನು ಕಂಡಿಲ್ಲ. ಆ ನಿಯತ್ತೇ ನಮ್ಮ ಮನೆ ಹಾಳು ಮಾಡಿತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ತೂಬಗೆರೆ ಕಡೆಯ ಸಣ್ಣ ಊರು ನಮ್ಮದು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಬೈಲಪ್ಪನ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಒಂದು ಮೊರ ಭತ್ತ. ವರ್ಷಕ್ಕೊಮ್ಮೆ ಅಮಲ್ದಾರರು ಜೀಪಿನಲ್ಲಿ ಕೆರೆ ನೋಡಲು ಬರುತ್ತಿದ್ದರು. ತೂಬಿನ ಬಾಯಲ್ಲಿ ಜೊಂಡು ಕಂಡರೆ ಊರವರ ಎದುರೇ ನೀರುಗಂಟಿಗೆ ಮಂಗಳಾರತಿ. ಬೈಲಪ್ಪನ ಅಪ್ಪನನ್ನು ಒಮ್ಮೆ ಸುಡುಬಿಸಿಲಲ್ಲಿ ಏರಿಯ ಮೇಲೆ ನಿಲ್ಲಿಸಿದ್ದರಂತೆ. ಜೀಪು ಬರುತ್ತದೆ ಎಂದರೆ ಕೆರೆ ಚೊಕ್ಕವಾಗಿರಬೇಕು ಎಂಬುದನ್ನು ಮಗ ಅಲ್ಲೇ ಕಲಿತ.

ಎಪ್ಪತ್ತರ ಸುಮಾರಿಗೆ ಮೇಲಿನ ದಿನ್ನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಬಂತು. ಅದರ ಹೊಲಸನ್ನೆಲ್ಲ ನಮ್ಮ ಕೆರೆಗೆ ಬರುವ ಕಾಲುವೆಗೇ ಬಿಟ್ಟರು, ಪುಣ್ಯಾತ್ಮರು. ಮೀನು ಸತ್ತು ತೇಲಿದವು. ಪೈರು ಬುಡದಿಂದ ಕಪ್ಪಾಯಿತು. ಬೈಲಪ್ಪನ ಮೊರಕ್ಕೆ ಜೊಳ್ಳು ಬೀಳತೊಡಗಿತು.

ಊರಲ್ಲಿ ಪೇಪರ್ ಓದುತ್ತಿದ್ದವನು ರಾಮಾಂಜಿನಪ್ಪ ಒಬ್ಬನೇ. "ಡೆಲ್ಲೀಲಿ ಹೊಸ ಕಾನೂನು ಮಾಡವ್ರೆ ಕಣ್ರಪ್ಪ, ನೀರು ಕೆಡಿಸ್ದೋರನ್ನ ಜೈಲಿಗೆ ಹಾಕ್ಬೋದು" ಎಂದ. ಬೆಂಗಳೂರಿಗೆ ಅಲೆದು ಅಲೆದು ಅವನ ಚಪ್ಪಲಿ ಸವೆದ ಮೇಲೆ, ನೀರನ್ನು ಪರೀಕ್ಷೆಗೆ ಒಯ್ಯಲು ಒಬ್ಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಬಾಟಲಿಯಲ್ಲಿ ಹೊಲಸು ಸಿಕ್ಕರೆ ಕಾರ್ಖಾನೆಯ ಮೇಲೆ ಕೇಸು, ಕೆರೆ ಮತ್ತೆ ನಮ್ಮದು. ಊರೆಲ್ಲ ಆ ಒಂದು ಬಾಟಲಿಯ ಮೇಲೆ ಆಸೆ ಇಟ್ಟುಕೊಂಡಿತ್ತು.

ಸಾಹೇಬರಿಗೆ ದಾರಿ ತೋರಿಸಲು ರಾಮಾಂಜಿನಪ್ಪನೂ ನಾನೂ ಹಿಂದಿನ ದಿನವೇ ದೊಡ್ಡಬಳ್ಳಾಪುರಕ್ಕೆ ಹೋದೆವು. ಜೀಪಿನಲ್ಲಿ ವಾಪಸು ಬಂದು ನೋಡಿದರೆ ಸತ್ತ ಮೀನಿಲ್ಲ, ನೊರೆಯಿಲ್ಲ. ಏರಿಯ ಮೇಲೆ ಸಗಣಿ ನೀರು ಚಿಮುಕಿಸಿ ರಂಗೋಲಿ ಬೇರೆ. ಒಗೆದ ಪಂಚೆ ಉಟ್ಟು ಬೈಲಪ್ಪ ಕೈ ಮುಗಿದು ನಿಂತಿದ್ದ.

ಸಾಹೇಬರ ಬೂಟು ಕೆಸರಾಗಬಾರದಲ್ಲ, ಬಾಟಲಿಯನ್ನು ಅವನ ಕೈಗೇ ಕೊಟ್ಟರು. ಅವನು ಎದೆಮಟ್ಟದ ನೀರಿಗೆ ಹೋಗಿ, ಬಾಟಲಿಯ ಬಾಯಿಗೆ ಟವೆಲು ಹಿಡಿದು, ಸೋಸಿ ಸೋಸಿ ತುಂಬಿಸಿದ.

"ಲೇ, ಟವೆಲು ತೆಗಿಯೋ" ಎಂದು ನಾನು ಕೂಗಿದೆ.

"ಸಾಹೇಬ್ರಿಗೆ ಕೊಡೋ ನೀರು ಕಣಣ್ಣ, ಕಸ ಇರಬಾರ್ದು" ಎಂದ.

ರಾಮಾಂಜಿನಪ್ಪ ಅಂಗಲಾಚಿದ: "ದಿನಾ ಹಿಂಗಿರಲ್ಲ ಸ್ವಾಮಿ, ನಾಳೆ ಒಂದ್ಸಲ ಬನ್ನಿ."

"ಇವತ್ತು ಇರೋದನ್ನ ತಾನೇ ನಾನು ತಗೊಂಡು ಹೋಗೋದು?" ಎಂದರು ಅಧಿಕಾರಿ. ಜೀಪು ಹತ್ತುವ ಮುಂಚೆ ಬೈಲಪ್ಪನ ಕಡೆ ತಿರುಗಿ, "ಕೆರೆ ಚೆನ್ನಾಗಿ ಇಟ್ಕೊಂಡಿದೀಯಪ್ಪ" ಎಂದರು. ಅವನ ಮುಖ ಅರಳಿತು. ಅವನ ವಂಶದಲ್ಲಿ ಜೀಪಿನಿಂದ ಒಳ್ಳೆಯ ಮಾತು ಕೇಳಿದವನು ಅವನೊಬ್ಬನೇ.

ಸಂಜೆ ಅವನ ಹೆಂಡತಿ ಮುನಿತಾಯಮ್ಮ ಬಾಯಿಬಿಟ್ಟಳು. ಬೈಲಪ್ಪ ಕಾರ್ಖಾನೆಯ ಕಾಲುವೆಗೆ ಮಣ್ಣು ಹಾಕಿ ಹೊಲಸನ್ನು ಮೇಲೆಯೇ ತಡೆದು, ರಾತ್ರಿಯೆಲ್ಲ ತೂಬು ಎತ್ತಿ ಬಣ್ಣದ ನೀರನ್ನು ಹಳ್ಳಕ್ಕೆ ಹರಿಸಿದ್ದ. ಗಂಡಹೆಂಡಿರು ಸೇರಿ ಸತ್ತ ಮೀನನ್ನು ಮಂಕರಿಗಟ್ಟಲೆ ಹೊತ್ತು ಹೂತಿದ್ದರು. ನಾನು ಅವನ ಕೊರಳಪಟ್ಟಿ ಹಿಡಿದೆ.

"ಕೆರೆ ಗಲೀಜಾಗಿದ್ರೆ ನೀರುಗಂಟೀನ್ ತಾನೆ ಕೇಳೋದು?" ಎಂದ ಅವನು. "ಕಾರ್ಖಾನೆಯೋರ್ನ ಯಾವ ಸಾಹೇಬ್ರು ಕೇಳವ್ರೆ, ನೀನೇ ಹೇಳಣ್ಣ."

ನಾನು ಕೈ ಬಿಟ್ಟೆ. ಮಾರನೆಯ ದಿನ ಅವನ ಮಣ್ಣಿನ ಕಟ್ಟೆ ಒಡೆದು ಕೆರೆ ನೇರಳೆ ಬಣ್ಣಕ್ಕೆ ತಿರುಗಿತು.

ನೀರು ಶುದ್ಧವಾಗಿದೆ ಎಂದು ಬೆಂಗಳೂರಿನಿಂದ ಉತ್ತರ ಬಂತು. ಬೈಲಪ್ಪ ಬಸ್ಸು ಹತ್ತಿ ಆ ಕಚೇರಿಗೆ ಹೋಗಿ, ನಾನೇ ತೊಳೆದಿದ್ದೆ ಸ್ವಾಮಿ ಎಂದು ಕಾಲು ಹಿಡಿದನಂತೆ. ಜವಾನ ಹೊರಗೆ ಕಳಿಸಿದ.

ಆ ನೀರು ಗದ್ದೆಗೆ ಬೇಡ, ತೂಬು ಮುಚ್ಚಿಬಿಡು ಎಂದು ಊರವರು ತೀರ್ಮಾನಿಸಿದರು. ಬೈಲಪ್ಪನೇ ಜೇಡಿಮಣ್ಣು ಕಲಸಿ ಮುಚ್ಚಿದ. ಒಂದು ಹನಿ ಸೋರದ ಹಾಗೆ, ಅಂಗೈಯಲ್ಲಿ ಸವರಿ ಸವರಿ ಮುಚ್ಚಿದ.

ಆ ಸುಗ್ಗಿಯಲ್ಲಿ ಅವನು ಅಭ್ಯಾಸದಂತೆ ಮೊರ ಹಿಡಿದು ಹೊರಟಾಗ ಮುನಿತಾಯಮ್ಮ ಬಾಗಿಲಲ್ಲಿ ತಡೆದಳು.

"ಯಾರ ಕಣಕ್ಕೆ ಹೋಗ್ತೀಯ? ಸಾಹೇಬ್ರು ಹೊಗಳಿದ್ರಲ್ಲ, ಅದನ್ನೇ ಉಣ್ಣು" ಎಂದು ಮೊರ ಕಿತ್ತುಕೊಂಡಳು.