ಹಂಚಿನ ಭಟ್ಟಿಯ ಹೊಗೆ

ಎಂಬತ್ತರ ದಶಕದಲ್ಲಿ ಕಾರ್ಖಾನೆಗಳಿಗೆ ಇಂಧನ ಉಳಿಸುವ ದಾರಿ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಹಾಗೆ ಒಮ್ಮೆ ಬೆಳಗಾವಿಯಿಂದ ಖಾನಾಪುರದ ಹಂಚಿನ ಕಾರ್ಖಾನೆಯೊಂದಕ್ಕೆ ಹೋದೆ. ಭಟ್ಟಿಯ ಗೋಡೆ ಬಿರುಕು ಬಿಟ್ಟು ಶಾಖವೂ ಹೊಗೆಯೂ ಶೆಡ್ಡಿನೊಳಗೆ ಸೋರುತ್ತಿದ್ದವು. ಬಿರುಕು ಮುಚ್ಚಿ ಚಿಮಣಿ ಎತ್ತರಿಸಿದರೆ ಎಷ್ಟು ಕಟ್ಟಿಗೆ ಉಳಿಯುತ್ತದೆಂದು ಮಾಲೀಕ ಈರಪ್ಪನವರಿಗೆ ಹುರುಪಿನಿಂದ ವಿವರಿಸತೊಡಗಿದೆ. ಅವರು ನಡುವೆಯೇ ಕೈ ಎತ್ತಿದರು.

"ಕಟ್ಟಿಗಿ ಮಾತು ಇರ್ಲಿ ಸಾಹೇಬ್ರ. ಹೊಗಿ ಕಡಿಮಿ ಆಗತೈತೇನ್ರಿ? ನಮ್ಮ ಪಾರವ್ವಗ ಕೆಮ್ಮು ಹತ್ತೇತಿ."

ಹಂಚು ಜೋಡಿಸುವ ಪಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಳು. ಅಂಥ ಪ್ರಶ್ನೆಯನ್ನು ಅದುವರೆಗೆ ಯಾವ ಮಾಲೀಕರೂ ನನಗೆ ಕೇಳಿರಲಿಲ್ಲ.

"ಆಗತೈತ್ರಿ," ಎಂದೆ.

"ಹಂಗಾರ ನಾಳಿಂದನ ಸುರು ಮಾಡೂಣು," ಎಂದರು.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. ಶೆಡ್ಡಿನಲ್ಲಿ ಹೊಗೆಯಿರಲಿಲ್ಲ. ಪಾರವ್ವ ಹಂಚು ಜೋಡಿಸುತ್ತ ದನಿ ಎತ್ತಿ ಹಾಡುತ್ತಿದ್ದಳು.

"ಕೆಮ್ಮು ಹೋತೇನವ್ವಾ?" ಎಂದು ಕೇಳಿದೆ.

"ಹೋತ್ರಿ. ಮೊದಲ ಒಂದು ಪದಾ ಪೂರಾ ಹಾಡಾಕ ಉಸಿರ ಸಾಲತಿರ್ಲಿಲ್ಲ," ಎಂದು ನಕ್ಕಳು.

ಈರಪ್ಪನವರು ನನ್ನನ್ನು ಪಕ್ಕದಲ್ಲಿದ್ದ ತಮ್ಮ ಮೇಜಿನ ಬಳಿಗೆ ಕರೆದರು. "ಕಟ್ಟಿಗಿನೂ ಉಳದೈತ್ರಿ. ಆದ್ರ ಈಕಿ ಮುಂಜಾನಿಂದ ಸಂಜಿತನಕ ಹಾಡಾ ನಿಲ್ಲಸೂದ ಇಲ್ಲ. ಅದಕ್ಕೇನರ ದಾರಿ ಐತೇನ್ರಿ?"

ಹಾಗೆ ಕೇಳುವಾಗಲೂ ಅವರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು.